ತಕರಾರು ಇದ್ದವರು

ಗೋಡೆಗೆ ಅಂಟಿಸಿದವನು ನಾನೇ.
ಮೈದಾಹಿಟ್ಟಿನ ಗೋಂದು, ಬಕೀಟು, ಕೂದಲುದುರಿದ ಬ್ರಶ್ಶು.
‘ನಿವೇಶನ ಸಂಖ್ಯೆ ನಲವತ್ತೇಳು, ಒಂಟಿಮನೆಗೆ ಮೀಸಲು,
ಆರು ಸಾಲುಮನೆಗೆ ಬದಲಿಸಲು ಕೋರಿದ್ದಾರೆ;
ತಕರಾರು ಇದ್ದವರು ಮೂವತ್ತು ದಿನದೊಳಗೆ...’
ರಾಯಚೂರಿನ ಏಪ್ರಿಲ್. ಸಂಜೆಯೊಳಗೆ ಕಾಗದ
ಹಪ್ಪಳದ ಹಾಗೆ ಮುದುರಿತ್ತು.

ಇವತ್ತು ಕೇಳುವ ದಿನ.
ಪ್ರಾಧಿಕಾರದ ಮೇಲ್ಮಹಡಿ, ಮೂರು ಫ್ಯಾನು,
ಅದರಲ್ಲೊಂದು ಬರೇ ಶಬ್ದ.
ಆಯುಕ್ತರು ಕೇಳುತ್ತಾರೆ, ನಾನು ಬರೆಯುತ್ತೇನೆ.
ಹತ್ತು ನಿಮಿಷದ ಮಾತು ಒಂದು ಸಾಲಾಗಬೇಕು,
ಇಪ್ಪತ್ತೆರಡು ವರ್ಷದಲ್ಲಿ ಕೈಗೆ ಹತ್ತಿದ ಕಸುಬು.

ಮೊದಲು ಎದ್ದವರು ಪ್ರಾಣೇಶರಾವ್, ನಿವೃತ್ತ ಹೆಡ್‌ಮಾಸ್ತರು.
‘ಆ ಕಡೆ ಕೃಷ್ಣಾ ಅದ, ಈ ಕಡೆ ತುಂಗಭದ್ರಾ ಅದ,
ನಡುವ ನಮ್ಮ ನಳಕ್ಕ ಐದು ದಿನಕ್ಕೊಮ್ಮೆ ನೀರು.
ಆರು ಮನಿ ಅಂದ್ರ ಆರು ಮೋಟ್ರು.
ನಮ್ಮ ಪಾಲಿಗೆ ಪೈಪಿನ ಗಾಳಿ ಉಳೀತದ.’
ಬರೆದೆ: ನೀರಿನ ಅಭಾವ.

ಜೈತುನ್‌ಬಿ ಕೂತಲ್ಲಿಂದಲೇ ಅಂದಳು,
‘ಬ್ಯಾಸಗ್ಯಾಗ ಹೆಣ್ಮಕ್ಕಳು ಮಾಳಿಗಿ ಮ್ಯಾಲ ಮಲಗ್ತೀವಿ.
ಮೂರಂತಸ್ತಿನ ಕಿಟಕಿ ಎದ್ರ ಎಲ್ಲಿ ಹೋಗೋದ್ರಿ?
ಒಳಗ ಮಲಗಿ ನೋಡ್ರಿ ನೀವ.’
ಖಾಸಗಿತನ, ಎಂದು ಗೀಚಿದೆ.
ಹಾಳೆಗೆ ಬಗ್ಗಿ ನೋಡಿ ನಕ್ಕಳು:
‘ಇಷ್ಟ ಏನ್ರಿ ಅದು?’

ಹತ್ತೊಂಬತ್ತು ವರ್ಷ ಆ ಜಾಗದಲ್ಲಿ ಜಾಲಿ ಬೆಳೆಯಿತು,
ಹಂದಿ ಮರಿ ಹಾಕಿತು, ಮದುವೆಯ ಎಂಜಲೆಲೆ ಬಿತ್ತು.
ಅದಕ್ಕೆ ತಕರಾರು ಕೊಟ್ಟವರ ಫೈಲು
ನಮ್ಮ ಕಪಾಟಿನಲ್ಲಿ ಇಲ್ಲ.

ಅಯ್ಯಣ್ಣಗೌಡರು ಶಲ್ಯ ಸರಿಪಡಿಸಿಕೊಂಡರು.
‘ಎಂಥವರು ಬರ್ತಾರೋ ಏನೋ.’
‘ಎಂಥವರು ಅಂದರೆ?’ ಆಯುಕ್ತರು.
‘ಅಂದ್ರ... ಬಾಡಿಗಿಯವರು. ಥರ್ಮಲ್‌ನಾಗ ಗುತ್ತಿಗಿ ಕೆಲಸದವರು.
ಎತ್ತಾಗಿನವರೋ, ಏನ್ ತಿಂತಾರೋ.’
ಕಡೆಗೆ ಅಂಗೈಯಿಂದ ಗಾಳಿಯಲ್ಲಿ ಏನನ್ನೋ ಒರೆಸಿದರು.
ಆ ಒರೆಸಿದ್ದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.
‘ಬಡಾವಣೆಯ ಸ್ವರೂಪ’ ಎಂದಾಯಿತು.
ಈ ಊರಲ್ಲಿ ನಾನು ಹನ್ನೊಂದು ಮನೆ ಬದಲಿಸಿದವ.
ಎಂಥವರು, ಎಂದು ಹನ್ನೊಂದು ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡವ.
ಪೆನ್ನು ನಿಲ್ಲಲಿಲ್ಲ. ರೂಢಿ.

ಜಾಗದ ಒಡೆಯ ಸೂಗಪ್ಪ ಒಂದೇ ಮಾತಾಡಿದ:
‘ನಮ್ಮಪ್ಪ ಕೊಂಡಾಗ ಇದು ಊರ ಹೊರಗಿತ್ರಿ.
ಇಲ್ಲಿ ಯಾರು ಇರ್ತಾರೋ, ಅಂತ ನಗ್ತಿದ್ರು.’

ಮುಗಿಯಿತೆಂದು ಟೋಪಿ ಹಾಕುತ್ತಿದ್ದೆ ಪೆನ್ನಿಗೆ.
ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಾಕೆ.
‘ನನಗ ತಕರಾರಿಲ್ರಿ.
ತಕರಾರು ಇಲ್ಲದವರು ಎಲ್ಲಿ ಬರಸ್ಬೇಕು?’
ಹುಸೇನಮ್ಮ, ಗಂಡನ ಹೆಸರು ತಾಯಪ್ಪ.
ಆ ಓಣಿಯ ನಾಲ್ಕು ಮನೆಯ ಮುಸುರಿ ಆಕೆಯದು.
ನೋಟಿಸು ಓದಿ ಹೇಳಿದ್ದು ಏಳನೇತ್ತೆಯ ಮಗಳು.
‘ಆಸುಪಾಸಿನಲ್ಲಿ ಸ್ವತ್ತು ಇದೆಯಾ ನಿಮ್ಮದು?’
‘ಇಲ್ರಿ.’
‘ಹಾಗಾದರೆ ನಿಯಮದಲ್ಲಿ...’
‘ಅಲ್ರಿ ಸಾಹೇಬ್ರ, ಬಾಡಿಗಿ ಎಷ್ಟಿರ್ತೈತಿ?
ಒಂದ ಕ್ವಾಣಿದು. ನಮಗ ಒಂದ ಕ್ವಾಣಿ ಸಾಕು.’

ಯಾರೋ ನಕ್ಕರು. ಯಾರೋ ಕೆಮ್ಮಿದರು.
ಪ್ರಾಣೇಶರಾವ್ ಕನ್ನಡಕ ತೆಗೆದು ಧೋತರದಂಚಿನಲ್ಲಿ ತಿಕ್ಕತೊಡಗಿದರು,
ಅವರ ಮನೆಯ ತಾಟು ಬೆಳಿಗ್ಗೆ ಬೆಳಗಿದ ಕೈ ಅದು.
ಬಿಲ್ಡರನ ಎಂಜಿನಿಯರು ಮೊಬೈಲಿನೊಳಗೆ ಇಳಿದುಹೋದ.
ಮೂರನೇ ಫ್ಯಾನು ಮಾತ್ರ ಮಾತಾಡಿತು.

‘ಇದು ಬೇಡ,’ ಆಯುಕ್ತರು ನನ್ನ ಕಡೆ ತಿರುಗದೆ ಅಂದರು.
ಬೇಡವೆಂದದ್ದನ್ನು ಈವರೆಗೆ ಬರೆದವನಲ್ಲ.
ಅಂಚಿನಲ್ಲಿ, ರಬ್ಬರು ಬಿದ್ದರೆ ಹೋಗಲಿ ಎಂದು ಪೆನ್ಸಿಲಿನಲ್ಲಿ
ಬಾಡಿಗೆ ಎಷ್ಟು, ಎಂದಷ್ಟೇ ಗುರುತು ಮಾಡಿದೆ.
ಹೆಸರು ಬರೆಯಲಿಲ್ಲ.
ಆಕೆಯದೋ ನನ್ನದೋ, ಫೈಲು ತಿರುವಿದವರು ಹೇಗೆ ತಿಳಿದಾರು.

ಸಂಜೆ ನಲವತ್ತೇಳರ ಮುಂದೆ ಗಾಡಿ ನಿಲ್ಲಿಸಿದೆ.
ಮೇಕೆಯೊಂದು ಹಿಂಗಾಲ ಮೇಲೆ ನಿಂತು
ಗೋಂದಿನ ರುಚಿಗೆ ನೋಟಿಸು ತಿನ್ನುತ್ತಿತ್ತು.
ಸರಕಾರಿ ಮೊಹರು ಆಗಲೇ ಹೊಟ್ಟೆಗೆ ಹೋಗಿತ್ತು.
ಓಡಿಸಬೇಕಿತ್ತು. ಓಡಿಸಲಿಲ್ಲ.